ಒಬ್ಬಾಕಿ ಅದಾಳ, ನೋಡ್ಕೊಳ್ರಿ

ಬೆಳಗಿನ ಐದೂವರೆಗೆ ಜವಳಗೇರಾದ ನಮ್ಮ ಓಣಿಯಲ್ಲಿ ವಿರೇಶನ ಟಂಟಂ ಆಟೋದ ಹಾರ್ನ್ ಕೇಳುತ್ತದೆ. ಎರಡು ಸಲ ಗಿಡ್ಡಕ್ಕೆ, ಆಮೇಲೆ ಒಂದು ಸಲ ಉದ್ದಕ್ಕೆ. ಆ ಉದ್ದನೆಯ ಸದ್ದು ಮುಗಿಯುವುದರೊಳಗೆ ನಾಟಿಯ ಹೆಂಗಸರು ಬುತ್ತಿ ಕಟ್ಟಿಕೊಂಡು ಹೊರಗೆ ಬಂದಿರಬೇಕು. ಬರದವರ ಬಾಗಿಲಿಗೆ ಅಮರಮ್ಮ ಹೋಗಿ ನಿಲ್ಲುತ್ತಾಳೆ. ಹದಿನಾಲ್ಕು ಹೆಂಗಸರ ಆ ಗುಂಪಿಗೆ ಅವಳೇ ಹಿರಿಯಳು. ಇವತ್ತು ಯಾವ ಗದ್ದೆ, ಯಾರು ಸಸಿ ಕೀಳಬೇಕು, ಯಾರು ಹಚ್ಚಬೇಕು, ಎಲ್ಲ ಅವಳು ಹೇಳಿದಂತೆ.

ಆಗಸ್ಟ್ ಕೊನೆಯ ಆ ಗುರುವಾರ ಹಾರ್ನ್ ಎರಡನೇ ಸುತ್ತು ಆದರೂ ಅಮರಮ್ಮನೇ ಹೊರಗೆ ಬರಲಿಲ್ಲ. ಗುಂಪಿನ ಕರೆಮ್ಮ ಹೋಗಿ ಇಣುಕಿದಾಗ ಅವಳು ಹೊಸ್ತಿಲ ಒಳಗೆ ಕೂತು ತನ್ನ ಸಣ್ಣ ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತುತ್ತಿದ್ದಳು. ಸುತ್ತಿ, ಬಿಚ್ಚಿ, ನೋಡಿ, ಮತ್ತೆ ಸುತ್ತುತ್ತಿದ್ದಳು. ಮಗಳು ಗಾಯತ್ರಿ ಆ ಹೊತ್ತಿಗೆ ಹೈದರಾಬಾದಿನ ವಿಮಾನ ನಿಲ್ದಾಣದ ಒಳಗಿದ್ದಳು. ಮುಂದಿನ ದಾರಿ ಅವಳೊಬ್ಬಳದೇ.

ಗಾಯತ್ರಿ ಸಿಂಧನೂರಿನಲ್ಲಿ ಬಿ.ಎಸ್ಸಿ. ಮುಗಿಸಿದ್ದಳು. ಎಂ.ಎಸ್ಸಿ.ಗೆ ಅಸ್ಸಾಮಿನ ಒಂದು ವಿದ್ಯಾಪೀಠದ ಕೊನೆಯ ಪಟ್ಟಿಯಲ್ಲಿ ಹೆಸರು ಬಂದಿತ್ತು. ಪಟ್ಟಿ ಬಂದದ್ದು ಸೋಮವಾರ, ಹಾಜರಾಗಬೇಕಾದದ್ದು ಶುಕ್ರವಾರ. ರೈಲು ಹತ್ತಿದರೆ ಅಷ್ಟರಲ್ಲಿ ಮುಟ್ಟುವುದು ಆಗದ ಮಾತು. ಅವಳ ಕಾಲೇಜಿನ ಮೇಡಂ ಒಬ್ಬರು ವಿಮಾನದ ಟಿಕೆಟ್ ತೆಗೆಸಿಕೊಟ್ಟರು.

ವಿಮಾನಕ್ಕೆ ಅಮರಮ್ಮ ಹೆದರಲಿಲ್ಲ. ಅದು ಮೇಲೆ ಹೋಗುತ್ತದೆ, ನಡುವೆ ಎಲ್ಲಿಯೂ ನಿಲ್ಲುವುದಿಲ್ಲ, ಯಾರೂ ಹತ್ತುವುದಿಲ್ಲ. ಇಳಿದ ಮೇಲಿನ ದಾರಿ ಅವಳ ನಿದ್ದೆ ಕೆಡಿಸಿತ್ತು. ವಿಮಾನ ನಿಲ್ದಾಣದಿಂದ ಕಾಲೇಜಿನ ಆವರಣಕ್ಕೆ ನಾಲ್ಕೂವರೆ ತಾಸು. ಅದರ ಬಗ್ಗೆ ವಿದ್ಯಾಪೀಠದವರು ಒಂದು ಹಾಳೆ ಕಳಿಸಿದ್ದರು. ಹೊಸ ವಿದ್ಯಾರ್ಥಿಗಳಿಗೆಂದು ಬರುವ ಬಸ್ಸು ಹನ್ನೆರಡು ಗಂಟೆಗೆ ಹೊರಡುತ್ತದೆ. ಅದು ತಪ್ಪಿದವರು ಒಳಗಿನ ಕೌಂಟರಿನಲ್ಲೇ ಟ್ಯಾಕ್ಸಿಯ ಚೀಟಿ ಮಾಡಿಸಬೇಕು. ಹೊರಗೆ ನಿಂತು ಕರೆಯುವವರ ಗಾಡಿ ಹತ್ತಬಾರದು. ಗಾಡಿಯ ನಂಬರು, ಚಾಲಕನ ಹೆಸರು ಮನೆಗೆ ತಿಳಿಸಬೇಕು. ಎಲ್ಲಿಗೆ ಹೊರಟಿದ್ದೀರಿ, ಎಲ್ಲಿದ್ದೀರಿ ಎಂದು ಗುರುತಿಲ್ಲದವರಿಗೆ ಹೇಳಬಾರದು. ಗಾಯತ್ರಿ ಒಂದೊಂದೇ ಸಾಲು ಕನ್ನಡ ಮಾಡಿ ಓದಿದಳು. ಅಮರಮ್ಮ ಅಕ್ಕಿ ಆರಿಸುತ್ತ ಕೇಳಿದಳು.

“ನಾ ಹೇಳೂದನ್ನ ಬರದಾರ,” ಎಂದಳು. “ಯಾರ ಕೈಯಾಗ ಕೊಟ್ಟು ಕಳಿಸ್ಬೇಕು ಅನ್ನೂದ ಒಂದು ಬರದಿಲ್ಲ.”

ಅಮರಮ್ಮನನ್ನು ಬಲ್ಲವರಿಗೆ ಈ ಮಾತು ಹೊಸದಲ್ಲ. ಅವಳ ತವರು ಲಿಂಗಸುಗೂರು ತಾಲೂಕಿನ ಗುರುಗುಂಟಾ. ಹನ್ನೆರಡು ವರ್ಷದವಳಿದ್ದಾಗ ಅವಳನ್ನು ಲಿಂಗಸುಗೂರಿನ ಬಸ್ಸು ಹತ್ತಿಸಿ, ಅದೇ ಬಸ್ಸಿನಲ್ಲಿದ್ದ ಮುದುಕಿಯೊಬ್ಬಳ ಕೈಗೆ ಕೊಟ್ಟಿದ್ದರು. ಮುದುಕಿ ನಡುವೆಯೇ ತನ್ನೂರು ಬಂದಾಗ ಮರೆತು ಇಳಿದುಹೋದಳು. ಅಮರಮ್ಮ ಲಿಂಗಸುಗೂರಿನ ಸ್ಟ್ಯಾಂಡಿನಲ್ಲಿ ಸಂಜೆಯವರೆಗೆ ಕಂಬ ಹಿಡಿದು ಕೂತಿದ್ದಳು. ಆ ದಿನ ಏನೂ ಆಗಲಿಲ್ಲ ಎಂದೇ ಅವಳು ಹೇಳುತ್ತಾಳೆ. ಹೇಳುವಾಗ ಕೈಯಲ್ಲಿದ್ದ ಕೆಲಸ ಮಾತ್ರ ನಿಂತುಬಿಡುತ್ತದೆ.

ಗಾಯತ್ರಿ ಕಾಲೇಜಿಗೆ ಹೊರಟ ಮೊದಲ ದಿನದಿಂದ ಅವಳೂ ರಸ್ತೆಗೆ ಬಂದು, ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಒಳಗಿದ್ದವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ಗುರುತಿನವರು ಕಂಡರೆ ಸರಿ, ಇಲ್ಲದಿದ್ದರೆ ಕಂಡಕ್ಟರನಿಗೇ, “ಹುಡುಗಿ ಒಬ್ಬಾಕಿ ಅದಾಳ, ನೋಡ್ಕೊಳ್ರಿ,” ಎನ್ನುತ್ತಿದ್ದಳು. ಕೊನೆಕೊನೆಗೆ ಅವಳನ್ನು ಕಂಡ ಕೂಡಲೇ ಕಂಡಕ್ಟರನೇ, “ಒಬ್ಬಾಕಿ ಅದಾಳ, ನೋಡ್ಕೊಂತೀನಿ, ನೀ ಇಳಿಯವ್ವಾ,” ಎನ್ನುತ್ತಿದ್ದ. ಬಸ್ಸಿನಲ್ಲಿ ನಗೆ. ಗಾಯತ್ರಿ ಕಿಟಕಿಯ ಕಡೆ ಮುಖ ಮಾಡುತ್ತಿದ್ದಳು. ಮೂರು ವರ್ಷ ಹಾಗೇ ನಡೆಯಿತು.

ಈ ಸಲ ಹೈದರಾಬಾದಿನವರೆಗೆ ಅವಳ ಗಂಡ ಮುದುಕಪ್ಪ ಜೊತೆಗೆ ಹೋಗಿದ್ದ. ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ ಎಂದಾಗ ಅವನೂ ಹೆಂಡತಿಯ ಮಾತನ್ನೇ ಬಾಗಿಲಲ್ಲಿ ಬಂದೂಕು ಹಿಡಿದಿದ್ದವನಿಗೆ ಕನ್ನಡದಲ್ಲಿ ಹೇಳಿದನಂತೆ. ಅವನಿಗೆ ಏನು ತಿಳಿಯಿತೋ, ಮುದುಕಪ್ಪನ ಭುಜದ ಮೇಲೆ ಕೈಯಿಟ್ಟು ಪಕ್ಕಕ್ಕೆ ಸರಿಸಿದನಂತೆ. ಅಷ್ಟನ್ನು ಫೋನಿನಲ್ಲಿ ಹೇಳಿ ಅವನು ರಾಯಚೂರಿನ ಬಸ್ಸು ಹುಡುಕಲು ಹೋದ. ಅಮರಮ್ಮ ಎದ್ದು, ಫೋನನ್ನು ಕುಪ್ಪಸದೊಳಗೆ ಸೇರಿಸಿ, ಟಂಟಂ ಹತ್ತಿದಳು. ಮನೆಯಲ್ಲಿ ಕೂತರೆ ಹೊತ್ತು ಹೋಗುವುದಿಲ್ಲ ಎಂದಳು.

ಬಳಗಾನೂರಿನ ಹಾದಿಯಲ್ಲಿ ರಸ್ತೆಗೆ ಹತ್ತಿದ ಗದ್ದೆ. ನೀರು ಮೊಣಕಾಲ ಕೆಳಗಿತ್ತು. ಹದಿನಾಲ್ಕು ಬೆನ್ನುಗಳು ಸಾಲಾಗಿ ಬಾಗಿದ್ದವು. ವಿಮಾನ ಹನ್ನೊಂದೂವರೆಗೆ ಇಳಿಯಬೇಕಿತ್ತು. ಹನ್ನೆರಡಾಯಿತು, ಒಂದಾಯಿತು. ಒಂದೂಕಾಲಕ್ಕೆ ಫೋನ್ ಬಂತು. ವಿಮಾನ ಹೈದರಾಬಾದನ್ನೇ ತಡವಾಗಿ ಬಿಟ್ಟಿತ್ತು. ಈಗ ಇಳಿದಿದ್ದೇನೆ, ಕಾಲೇಜಿನ ಬಸ್ಸು ಹೊರಟುಹೋಗಿದೆ ಎಂದಳು ಗಾಯತ್ರಿ.

ಅಮರಮ್ಮ ಸೊಂಟ ನೆಟ್ಟಗೆ ಮಾಡಿ ನಿಂತಳು. ಹೊರಗೆ ಬರಬೇಡ, ಒಳಗಿನ ಕೌಂಟರಿಗೇ ಹೋಗು ಎಂದಳು. ಸ್ವಲ್ಪ ಹೊತ್ತಿಗೆ ಮತ್ತೆ ಫೋನ್. ಚೀಟಿ ಮಾಡಿಸಿದ್ದಾಯಿತು. ಗಾಡಿಯ ನಂಬರು, ಚಾಲಕನ ಫೋನ್ ನಂಬರು ಇರುವ ಆ ಚೀಟಿಯ ಫೋಟೋವನ್ನು ವಿರೇಶಣ್ಣನ ಮೊಬೈಲಿಗೆ ಹಾಕಿದ್ದೇನೆ. ಚಾಲಕನ ಹೆಸರು ಬಿಪುಲ್.

“ಅಂವಗ ಫೋನ್ ಕೊಡು.”

“ಯವ್ವಾ, ಆತಗ ಕನ್ನಡ ಬರಂಗಿಲ್ಲ.”

“ನನಗ ಬರ್ತದಲ್ಲ. ಕೊಡು.”

ಎಡಗೈಯಲ್ಲಿ ಸಸಿಯ ಕಟ್ಟು ಹಿಡಿದೇ ಅಮರಮ್ಮ, ಎರಡು ಸಾವಿರ ಕಿಲೋಮೀಟರಿಗೂ ಆಚೆಗಿದ್ದ ಆ ಮನುಷ್ಯನಿಗೆ ಸಾವಕಾಶವಾಗಿ ಹೇಳಿದಳು. “ಯಪ್ಪಾ, ನಾ ಆಕಿ ತಾಯಿ. ಹುಡುಗಿ ಒಬ್ಬಾಕಿ ಅದಾಳ. ನಿನ್ನ ಒಡಹುಟ್ಟಿದಾಕಿ ಅಂತ ತಿಳ್ಕೋ. ಕಾಲೇಜಿನ್ಯಾಗ ಯಾರರ ಹೆಣ್ಮಗಳ ಕೈಯಾಗ ಕೊಟ್ಟು ಹೋಗು.”

ಆ ಕಡೆಯಿಂದ “ಹಾಂ ಜೀ” ಎಂದು ಕೇಳಿಸಿತು.

“ಹಾಂ ಅಂದ್ನೇನು?” ಎಂದಳು ಕರೆಮ್ಮ. “ನಾಳಿ ನಾಟಿಗೆ ಬಾ ಅಂದಿದ್ರೂ ಹಾಂ ಅಂತಿದ್ದ ತಗೋ ಬೇ. ಖಾಸಿಂಬೀ ಕಡಿಂದ ಮಾತಾಡಸ್ಬಾರದೇನು, ಆಕಿಗೆ ಅವರ ಮಾತು ಬರ್ತದ.”

ಎಲ್ಲರೂ ನಕ್ಕರು. ಸಾಲಿನ ಕೊನೆಯಲ್ಲಿದ್ದ ಖಾಸಿಂಬೀ ತಲೆ ಎತ್ತಲಿಲ್ಲ. ಅಮರಮ್ಮನೂ ಕೇಳಿಸದವಳಂತೆ ಬಾಗಿದಳು.

ಎರಡೂವರೆಗೆ ಗಾಯತ್ರಿ ಒಮ್ಮೆ ಮಾತಾಡಿದಳು. ಊರು ದಾಟಿದ್ದೇವೆ, ಕಣ್ಣು ಎಳೆಯುತ್ತಿದೆ, ಫೋನಿನಲ್ಲಿ ಚಾರ್ಜ್ ಕಡಿಮೆ ಇದೆ ಎಂದಳು. ಮೂರೂವರೆಗೆ ಅಮರಮ್ಮ ಫೋನ್ ಹಚ್ಚಿದಾಗ ಮಗಳದು ಬಂದ್ ಆಗಿತ್ತು. ನಾಲ್ಕಕ್ಕೂ ಬಂದ್. ನಾಲ್ಕೂಕಾಲಕ್ಕೂ ಬಂದ್. ಕೆಸರಿನ ಕೈ ಒರೆಸಿಕೊಂಡು ಗುಂಡಿ ಒತ್ತುವುದು, ಕೇಳುವುದು, ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತುವುದು. ಅಮರಮ್ಮ ಹಚ್ಚಿದ ಸಾಲು ದಾರ ಹಿಡಿದಂತಿರುತ್ತದೆ ಎಂದು ಗದ್ದೆಯವರು ಹೇಳುವುದುಂಟು. ಆ ಮಧ್ಯಾಹ್ನ ಅವಳ ಸಾಲು ಪಕ್ಕದವಳ ಸಾಲನ್ನು ಹೋಗಿ ಮುಟ್ಟಿತು.

ನಾಲ್ಕೂವರೆಗೆ ಅವಳು ಬದು ಹತ್ತಿ ರಸ್ತೆಗೆ ಬಂದಳು. ವಿರೇಶ ಟಂಟಂ ನೆರಳಲ್ಲಿ ಒರಗಿದ್ದ. ಫೋಟೋದಲ್ಲಿದ್ದ ಚಾಲಕನ ನಂಬರಿಗೆ ಹಚ್ಚು ಎಂದಳು. ವಿರೇಶ ಹಚ್ಚಿದ. ತನಗೆ ಬರುವ ಹಿಂದಿಯಲ್ಲಿ, ಎಂದಿನಂತೆ ಗಟ್ಟಿಯಾಗಿ, ಎಲ್ಲಿದ್ದೀ, ಹುಡುಗಿ ಎಲ್ಲಿ, ಗಾಡಿಯಲ್ಲಿ ಒಬ್ಬಳೇ ಇದ್ದಾಳಾ ಎಂದು ಕೇಳಿದ. ಚಾಲಕ, ನೀನು ಯಾರು ಎಂದ. ಅವಳ ಊರಿನವನು ಎಂದ ವಿರೇಶ. ಊರಿನವನಿಗೆ ಏನು ಕೆಲಸ ಎಂದು ಚಾಲಕ ಫೋನ್ ಇಟ್ಟ. ಎರಡನೇ ಸಲ, ಇನ್ನೊಮ್ಮೆ ಮಾಡಿದರೆ ಪೊಲೀಸರಿಗೆ ಹೇಳುತ್ತೇನೆ ಎಂದ. ಮೂರನೇ ಸಲ ಎತ್ತಲೇ ಇಲ್ಲ.

“ಅಂವ ಎಂಥವನೋ ಅಂತ ನಾವು ಹೆದರಾಕತ್ತೀವಿ,” ಎಂದ ವಿರೇಶ. “ನಾ ಎಂಥವನೋ ಅಂತ ಅಂವ ಹೆದರ್ಯಾನ.”

ಚಾಲಕನದು ತಪ್ಪಲ್ಲ ಎಂದು ಅಮರಮ್ಮನಿಗೂ ಗೊತ್ತಾಯಿತು. ಗುರುತಿಲ್ಲದ ಗಂಡಸು ಫೋನ್ ಮಾಡಿ ಹುಡುಗಿ ಎಲ್ಲಿ ಎಂದರೆ ಹೇಳಬಾರದು, ಹಾಳೆಯಲ್ಲೂ ಅದನ್ನೇ ಬರೆದಿದ್ದರು. ಈಗ ಒಬ್ಬ ಹೆಂಗಸು ಮಾತಾಡಬೇಕು, ಅದೂ ಅವನಿಗೆ ತಿಳಿಯುವ ಮಾತಿನಲ್ಲಿ. ಹೆಂಗಸರೆಲ್ಲ ಕೆಲಸ ನಿಲ್ಲಿಸಿ ನೀರಿನಲ್ಲಿ ನಿಂತಿದ್ದರು. ಎಲ್ಲರೂ ಸಾಲಿನ ಕೊನೆಯ ಕಡೆ ನೋಡಿದರು.

ಖಾಸಿಂಬೀಯ ಮಗಳು ಮಾಬುನ್ನಿ ಮತ್ತು ಗಾಯತ್ರಿ ಪಿಯುಸಿಯವರೆಗೆ ಒಂದೇ ಬೆಂಚಿನವರು. ಮೂರು ವರ್ಷದ ಹಿಂದೆ ಇಬ್ಬರೂ ಪಾಸಾದಾಗ ಖಾಸಿಂಬೀ ಒಂದು ಸಂಜೆ ಅಮರಮ್ಮನ ಮನೆಗೆ ಬಂದಿದ್ದಳು. ನನ್ನ ಮಗಳನ್ನೂ ಸಿಂಧನೂರಿಗೆ ಹಾಕುತ್ತೇನೆ, ನಿನ್ನವಳ ಜೊತೆಗೇ ಹೋಗಿ ಬರಲಿ, ಬಸ್ಸು ಹತ್ತಿಸುವಾಗ ಅವಳನ್ನೂ ನಿನ್ನವಳೆಂದೇ ಹೇಳು ಎಂದು ಕೇಳಿದ್ದಳು. ಅಮರಮ್ಮ ಆಗದು ಎಂದಳು. ಇನ್ನೊಬ್ಬರ ಮಗಳ ಹೊಣೆ ನಾನು ಹೊರುವುದಿಲ್ಲ, ನಾಳೆ ಏನಾದರೂ ಆದರೆ ನಿನಗೆ ಯಾವ ಮುಖ ತೋರಿಸಲಿ, ಕಳಿಸಲೇಬೇಡ ಎಂದಳು. ಬಸ್ಸು, ದಾರಿ, ಗಂಡುಹುಡುಗರು ಎಂದು ಅರ್ಧ ತಾಸು ಹೇಳಿದಳು. ಗುಂಪಿನ ಹಿರಿಯಳ ಮಾತು. ಖಾಸಿಂಬೀ ಕೇಳಿಕೊಂಡು ಹೋದಳು. ಮರುವರ್ಷ ಮಾಬುನ್ನಿಯನ್ನು ಮಸ್ಕಿಗೆ ಮದುವೆ ಮಾಡಿಕೊಟ್ಟರು. ಅದೇ ಬಸ್ಸಿನಲ್ಲಿ ಗಾಯತ್ರಿ ಮೂರು ವರ್ಷ ಹೋಗಿ ಬಂದಳು. ಆ ಸಂಜೆಯ ಮಾತನ್ನು ಖಾಸಿಂಬೀ ಒಂದು ದಿನವೂ ಎತ್ತಿರಲಿಲ್ಲ.

ಅಮರಮ್ಮ ಮತ್ತೆ ಕೆಸರಿಗಿಳಿದು ಸಾಲಿನ ಉದ್ದಕ್ಕೂ ನಡೆದು ಹೋದಳು. ಹತ್ತಿರ ನಿಂತು “ಖಾಸಿಂ” ಎಂದಳು.

ಖಾಸಿಂಬೀ ಸಸಿಯ ಕಟ್ಟನ್ನು ನೀರಿನಲ್ಲಿ ನಿಲ್ಲಿಸಿ, ಬದುವಿನ ಪಕ್ಕದ ಕಾಲುವೆಯಲ್ಲಿ ಮೊಣಕೈವರೆಗೆ ತೊಳೆದುಕೊಂಡಳು. “ನಿನ್ನ ಫೋನ್ ಆದ್ರ ಅಂವ ಎತ್ತಂಗಿಲ್ಲ ವಿರೇಶಪ್ಪಾ. ನನ್ನದ್ರಾಗ ಹಚ್ಚು,” ಎಂದಳು.

ಚಾಲಕ ಎತ್ತಿದ. ಮನೆಯಲ್ಲಾಡುವ ಉರ್ದುವಿನಲ್ಲಿ ಖಾಸಿಂಬೀ, ನಾನು ಹುಡುಗಿಯ ಖಾಲಾ, ಅಂದರೆ ಚಿಕ್ಕಮ್ಮ, ಅವಳ ತಾಯಿ ಪಕ್ಕದಲ್ಲೇ ಇದ್ದಾಳೆ, ಅವಳಿಗೆ ಈ ಮಾತು ಬಾರದು ಎಂದಳು. ಅವನು ಹುಡುಗಿಯ ಹೆಸರು ಕೇಳಿದ. ಏನು ಓದಲು ಬಂದಿದ್ದಾಳೆ ಎಂದು ಕೇಳಿದ. ಅಮರಮ್ಮ “ಗಿಡಗಂಟಿ ಓದು” ಎಂದದ್ದನ್ನು ಖಾಸಿಂಬೀ ಅವನಿಗೆ ತಿಳಿಸಿದಳು. ಅವನ ದನಿ ಮೆತ್ತಗಾಯಿತು. ಹುಡುಗಿ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಾಳೆ, ಅವಳ ಫೋನ್ ಸತ್ತಿದೆ, ಎಬ್ಬಿಸುತ್ತೇನೆ ಎಂದು ಗಾಡಿ ನಿಲ್ಲಿಸಿದ.

“ಯವ್ವಾ?” ಎಂದಿತು ಫೋನಿನ ದನಿ.

“ಅವ್ವ ಅಲ್ಲ, ಖಾಸಿಂ. ಏನರ ಉಂಡೇನವ್ವಾ?” ಎಂದಳು ಖಾಸಿಂಬೀ. ಬಿಸ್ಕತ್ತು ತಿಂದೆ ಚಿಗವ್ವಾ ಎಂದಳು ಗಾಯತ್ರಿ. ಬಾಗಿಲು ಒಳಗಿಂದ ಹಾಕಿದೆಯಾ, ಚೀಲ ಹತ್ತಿರವೇ ಇದೆಯಾ, ಇನ್ನು ನಿದ್ದೆ ಮಾಡಬೇಡ. ಇಷ್ಟನ್ನೂ ಹೇಳಿಯೇ ಖಾಸಿಂಬೀ ಫೋನನ್ನು ಅಮರಮ್ಮನ ಕಿವಿಗೆ ಹಿಡಿದಳು. ಅಮರಮ್ಮನ ಕೈ ಕೆಸರಾಗಿತ್ತು.

ಅಮರಮ್ಮ, ಅಲ್ಲಿ ಇನ್ನೂ ಬಿಸಿಲು ಇದೆಯಾ ಎಂದಷ್ಟೇ ಕೇಳಿದಳು. ಇಲ್ಲಿ ಹೊತ್ತು ಮುಳುಗಲು ಬಂತು, ಬೆಟ್ಟದ ಕಡೆ ಕಪ್ಪಾಗುತ್ತಿದೆ ಎಂದಳು ಮಗಳು. ಅಮರಮ್ಮ ಪಡುವಲಿಗೆ ನೋಡಿದಳು. ಗದ್ದೆಯ ನೀರಿನ ತುಂಬ ಬಿಸಿಲು ಬಿದ್ದಿತ್ತು. ಅದೇ ದಿನ ಅಲ್ಲಿ ಬೇಗ ಮುಗಿಯುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಫೋನಿನಿಂದ ಮುಖ ಸರಿಸಿದಳು. ಖಾಸಿಂಬೀ ಚಾಲಕನನ್ನು ಮತ್ತೆ ಕರೆದು, ಹಾಸ್ಟೆಲಿನ ಮೇಡಂ ಕೈಗೇ ಒಪ್ಪಿಸಬೇಕು, ಒಪ್ಪಿಸಿದ ಮೇಲೆ ಆ ಮೇಡಂ ನನ್ನ ಜೊತೆ ಮಾತಾಡಬೇಕು ಎಂದಳು. ಅವನು ಆಗಲಿ ಎಂದ.

ಉಳಿದ ಎರಡು ಮಡಿಯ ನಾಟಿ ಮುಗಿಯಿತು. ಟಂಟಂ ಊರ ಕಡೆ ಹೊರಟಿತು. ವಿರೇಶ ಆ ದಿನ ಹಾಡು ಹಚ್ಚಲಿಲ್ಲ. ಊರು ಇನ್ನೊಂದು ಫರ್ಲಾಂಗು ಇದ್ದಾಗ ಖಾಸಿಂಬೀಯ ಫೋನ್ ಬಡಿಯಿತು. ಅವಳು ಎರಡು ಸಲ “ಜೀ” ಎಂದಳು, ಒಂದು ಸಲ “ಶುಕ್ರಿಯಾ” ಎಂದಳು.

“ಮುಟ್ಯಾಳ,” ಎಂದಳು. “ಮೇಡಂ ಒಳಗ ಕರಕೊಂಡಾರಂತ. ಊಟಕ್ಕ ಕೂತಾಳಂತ.”

ಕರೆಮ್ಮ ಅಮರಮ್ಮನ ಬೆನ್ನಿಗೊಂದು ಗುದ್ದಿ, ನಾಳೆ ಆ ಸೊಟ್ಟ ಸಾಲು ಯಾರು ಕಿತ್ತು ಹಚ್ಚಬೇಕು ಎಂದು ಕೇಳಿದಳು. ಎಲ್ಲರಿಗೂ ಒಮ್ಮೆಗೇ ಮಾತು ಬಂತು.

ಓಣಿಯ ಬಾಯಲ್ಲಿ ಎಲ್ಲರೂ ಇಳಿದು ಚದುರಿದರು. ಖಾಸಿಂಬೀ ಕೊನೆಗೆ ಇಳಿದಳು. ಅವಳು ಇಳಿಯುವವರೆಗೆ ಅಮರಮ್ಮ ಬುತ್ತಿಯ ಚೀಲ ಹಿಡಿದು ನಿಂತೇ ಇದ್ದಳು.

“ನೀ ಇದ್ದಿದ್ದಕ್ಕ ಆತು ಖಾಸಿಂ,” ಎಂದಳು.

ಖಾಸಿಂಬೀ ಸೆರಗಿನಿಂದ ಫೋನಿಗೆ ಹತ್ತಿದ್ದ ಕೆಸರು ಒರೆಸಿದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. “ನಾನೂ ಒಂದಿನ ನಿನ್ನ ಕೈಯಾಗ ಕೊಟ್ಟು ಕಳಿಸಾಕ ಬಂದಿದ್ದೆ, ಅಮರಕ್ಕಾ.”

“ಬಂದಿದ್ದಿ.”

ವಿರೇಶ ಟಂಟಂ ಹಿಂದಕ್ಕೆ ತಿರುಗಿಸಿಕೊಂಡು ಹೋದ. ಇಬ್ಬರೂ ಅದಕ್ಕೆ ದಾರಿ ಬಿಟ್ಟು ಗೋಡೆಗೆ ಸರಿದು ನಿಂತರು.

“ನಾ ಅವತ್ತು ಹೆದರಿದ್ದು ಬಸ್ಸಿಗಲ್ಲ ಖಾಸಿಂ,” ಎಂದಳು ಅಮರಮ್ಮ. ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. ಖಾಸಿಂಬೀಯ ಮುಖ ನೋಡಲಿಲ್ಲ. “ಮಾಬುನ್ನಿ ನನ್ನ ಮಗಳಾಗಿದ್ರ ನಾ ಹಂಗ ಅಂತಿದ್ದಿಲ್ಲ. ನನಗ ಏನಂದ್ರ, ಖಾಸಿಂ, ಅವತ್ತು ನನಗ ಆ ಬಸ್ಸಿನ ಮುದುಕಿ ನೆನಪಾದ್ಲು, ನಾನೂ ಆಕಿಯಂಗ...” ಎನ್ನುತ್ತ, ಇನ್ನೂ ಹೇಳುತ್ತಿರುವವಳಂತೆ ಒಂದು ಕೈಯನ್ನು ಮುಂದೆ ಚಾಚಿಕೊಂಡು, ತನ್ನ ಮನೆಯ ಕಡೆ ನಡೆದುಬಿಟ್ಟಳು.