ಮರ ನೋಡಿ ಕೊಂಡ ಗಿಟಾರ್

ಆ ಬೀದಿಯ ಬಾಗಿಲು, ಕಿಟಕಿಗಳಲ್ಲಿ ಅರ್ಧಕ್ಕರ್ಧ ನೂಲು ಮೇಸ್ತ್ರಿಯ ಕೈಯಿಂದ ಬಂದವು. ನೂಲು ಅಂದರೆ ಬಡಗಿಗಳ ಲೆಕ್ಕದಲ್ಲಿ ಇಂಚಿನ ಎಂಟನೇ ಒಂದು ಭಾಗ. "ಒಂದು ನೂಲು ಜಾಸ್ತಿ ಆಯ್ತು, ಅರ್ಧ ನೂಲು ಕಮ್ಮಿ ಆಯ್ತು" ಎಂದು ದಿನವಿಡೀ ಗೊಣಗುತ್ತಿದ್ದುದರಿಂದ ಆ ಹೆಸರು ಅವನಿಗೆ ಅಂಟಿಕೊಂಡಿತ್ತು. ಅವನು ಕೂರಿಸಿದ ಬಾಗಿಲು ಮಳೆಗಾಲದಲ್ಲೂ ಬಿಗಿಯುತ್ತಿರಲಿಲ್ಲ. ಕೆಲಸದಲ್ಲಿ ಅಷ್ಟು ತಾಳ್ಮೆಯಿದ್ದವನಿಗೆ ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಹನ್ನೆರಡು ವರ್ಷದ ಹಿಂದೆ ಒಂದು ಸಂಜೆ, ಅವನು ಅಳತೆ ತಪ್ಪಿ ಮಾಡಿದ್ದ ಬಾಗಿಲನ್ನು ಗಿರಾಕಿಯೊಬ್ಬ ನಾಲ್ಕು ಜನರ ಮುಂದೆ ಬೈದು ವಾಪಸ್ ಕಳಿಸಿದ್ದ. ಮೇಸ್ತ್ರಿ ಉರಿಯುತ್ತಲೇ ಮನೆಗೆ ಬಂದ. ಹಿತ್ತಿಲ ಮೆಟ್ಟಿಲ ಮೇಲೆ ಮಗಳು ಗಿಟಾರ್ ಹಿಡಿದು ಕೂತಿದ್ದಳು. ಹದಿನೇಳು ವರ್ಷ. ಅಕ್ಕಪಕ್ಕದ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟು, ಕೂಡಿಟ್ಟ ದುಡ್ಡಿನಲ್ಲಿ ಯಾರೋ ಬಳಸಿ ಬಿಟ್ಟಿದ್ದ ಗಿಟಾರನ್ನು ತಂದುಕೊಂಡಿದ್ದಳು. ಕೈ ಕೂರಲಿ ಅಂತ ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತಿದ್ದಳು.

"ನಿಲ್ಸು," ಅಂದ.

"ಒಂದೇ ನಿಮಿಷ ಅಪ್ಪ, ಇದೊಂದು ಮುಗಿಸಿಬಿಡ್ತೀನಿ."

ಅವನು ಅದನ್ನು ಕಿತ್ತುಕೊಂಡು ಕೆಲಸದ ಮೇಜಿನ ಮೂಲೆಗೆ ಅಪ್ಪಳಿಸಿದ. ಮೂವತ್ತು ವರ್ಷ ಮರ ಕೊಯ್ದವನು ಮರ ಹಾಗೆ ಕೂಗಿಕೊಳ್ಳುವುದನ್ನು ಕೇಳಿರಲಿಲ್ಲ. ಮಗಳು ಅಳಲಿಲ್ಲ. ಚೂರುಗಳನ್ನು ಒಂದೊಂದಾಗಿ ಆರಿಸಿ ಹಳೇ ದುಪ್ಪಟಿಯಲ್ಲಿ ಕಟ್ಟಿದಳು. ಮುಂದಿನ ವಾರ ಓದಿನ ನೆಪ ಹೇಳಿ ಚಿಕ್ಕಮ್ಮನ ಮನೆಗೆ ಹೋದವಳು ಮತ್ತೆ ಆ ಮನೆಯಲ್ಲಿ ರಾತ್ರಿ ಉಳಿಯಲಿಲ್ಲ. ಸಿಟ್ಟು ಹೀಗೆ ಮಾಡಿಸಿತು ಅಂತ ಮೇಸ್ತ್ರಿ ಎಷ್ಟೋ ವರ್ಷ ತನಗೆ ತಾನೇ ಹೇಳಿಕೊಂಡ. ಹೆಂಡತಿ ಹೊತ್ತುಹೊತ್ತಿಗೆ ಊಟ ಬಡಿಸಿದಳು, ಆ ಮಾತು ಮಾತ್ರ ಎತ್ತಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಮೂರು ವರ್ಷದ ಹಿಂದೆ ಅವಳೂ ಹೋದಳು. ಮಣ್ಣಿಗೆ ಬಂದ ಮಗಳು ಸಂಜೆಯ ಬಸ್ಸಿಗೆ ಹೊರಟುಬಿಟ್ಟಳು.

ಈ ವರ್ಷ ಒಂದು ಸಂಗೀತ ಶಾಲೆಯಲ್ಲಿ ಕಿಟಕಿ ಕೂರಿಸುವ ಕೆಲಸ ಬಂತು. ಪಕ್ಕದ ಕೋಣೆಯಲ್ಲಿ ಯಾರೋ ಗಿಟಾರಿನಲ್ಲಿ ಒಂದೇ ಸಾಲನ್ನು ತಪ್ಪಿ ತಪ್ಪಿ ನುಡಿಸುತ್ತಿದ್ದರು. ಮೇಸ್ತ್ರಿಯ ಉಳಿ ನಿಂತುಹೋಯಿತು. ಆ ದಿನ ಕೆಲಸ ಸಾಗಲಿಲ್ಲ. ವಾರ ಕಳೆದು, ಎರಡು ಬಾಗಿಲಿನ ಕೂಲಿ ಜೇಬಿಗೆ ಹಾಕಿಕೊಂಡು ವಾದ್ಯದ ಅಂಗಡಿಗೆ ಹೋದ.

ಅಂಗಡಿಯಾಕೆ ನಡುವಯಸ್ಸಿನವಳು, ಮುಡಿಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು.

"ಕಮ್ಮಿ ದುಡ್ಡಲ್ಲಿ ಒಳ್ಳೇ ಗಿಟಾರ್ ಬೇಕಿತ್ತು ತಾಯಿ."

"ಎಲ್ಲರಿಗೂ ಬೇಕಾಗಿರೋದು ಅದೇ ಯಜಮಾನ್ರೇ," ಎಂದು ನಕ್ಕಳು. "ಉಕ್ಕಿನ ತಂತೀದೋ, ನೈಲಾನಿಂದೋ?"

ಅವನಿಗೆ ಗೊತ್ತಿರಲಿಲ್ಲ. ತನ್ನ ಅಂಗೈ ಚಾಚಿ ಹೇಳಿದ, "ಅವಳ ಎಡಗೈ ಬೆರಳಿನ ತುದಿ ಜಡ್ಡುಗಟ್ಟಿತ್ತು. ನನ್ನ ಅಂಗೈ ಥರ."

"ಹಾಗಾದ್ರೆ ಉಕ್ಕಿಂದೇ."

ಆಕೆ ಐದು ಗಿಟಾರ್ ಇಳಿಸಿದಳು. ಮೊದಲನೆಯದು ಕನ್ನಡಿಯಂತೆ ಮಿರಮಿರ ಮಿಂಚುತ್ತಿತ್ತು. ಮೇಸ್ತ್ರಿ ಬೆರಳಿನ ಗೆಣ್ಣಿನಿಂದ ತಟ್ಟಿದ, ನಡುವಿನ ತೂತಿನ ಅಂಚನ್ನು ಉಗುರಿನಿಂದ ಸವರಿದ. "ಇದು ಪ್ಲೈವುಡ್ಡು. ಅಂಚಲ್ಲಿ ಪದರ ಪದರ ಕಾಣ್ತಿದೆ ನೋಡಿ. ಒಂದೇ ಹಲಗೆ ಆಗಿದ್ರೆ ಮೇಲಿನ ಗೆರೆ ಹಾಗೇ ಅಂಚಿಗೆ ಇಳೀಬೇಕು."

ಆಕೆ ಮುಡಿಯ ಪೆನ್ಸಿಲ್ ತೆಗೆದು ಅವನನ್ನೇ ನೋಡಿದಳು. "ಸರಿಯಾಗೇ ಹಿಡಿದ್ರಿ. ಹಾಡೋದು ಮುಂದಿನ ಹಲಗೆ. ಅದೊಂದು ಅಸಲಿ ಮರದ್ದಾದ್ರೆ ಸಾಕು. ಬೆನ್ನು, ಪಕ್ಕ ಎಲ್ಲಾ ಪ್ಲೈ ಆದ್ರೂ ನಡೆಯುತ್ತೆ. ದುಡ್ಡು ಉಳಿಸೋದು ಅಲ್ಲೇ."

ಎರಡನೆಯದನ್ನು ಅವನು ಹಲಗೆ ಪರೀಕ್ಷಿಸುವಂತೆ ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದ. "ಕತ್ತು ತಿರುಚಿದೆ." ಮೂರನೆಯದರಲ್ಲಿ ಕತ್ತಿನ ಕೊನೆಯ ಹತ್ತಿರ ತಂತಿ ಒಂದೂವರೆ ನೂಲು ಮೇಲಿತ್ತು. ಅಷ್ಟು ಎತ್ತರವಿದ್ದರೆ ಒತ್ತಿ ಒತ್ತಿ ಬೆರಳು ಸೋಲುತ್ತದೆ, ನೂಲಿನ ಒಳಗಿರಬೇಕು ಎಂದಳು ಆಕೆ. ಐದನೆಯದರಲ್ಲಿ ತಂತಿ ಬಿಗಿಯುವ ಕಿವಿಗಳು ತಿರುವಿದರೆ ಕಿರುಗುಟ್ಟಿದವು.

ಉಳಿದದ್ದು ನಾಲ್ಕನೆಯದು. ಬಣ್ಣವಿಲ್ಲ, ಚಿತ್ತಾರವಿಲ್ಲ. ಪಕ್ಕದ ಹಲಗೆಯಲ್ಲಿ ಕಪ್ಪು ಗಂಟೊಂದಿತ್ತು ಅಂತ ಬೆಲೆ ಇಳಿಸಿದ್ದರು. ಮೇಸ್ತ್ರಿ ಆಕೆಯಿಂದ ಇಸಿದುಕೊಂಡ ಪುಟ್ಟ ಕನ್ನಡಿಯನ್ನು ತೂತಿನೊಳಗೆ ತೂರಿಸಿ, ಟಾರ್ಚ್ ಬಿಟ್ಟು ನೋಡಿದ. ಆಧಾರದ ಪಟ್ಟಿಗಳು ಕೂದಲೆಳೆ ಸಂದಿಲ್ಲದೆ ಕೂತಿದ್ದವು. ಅಂಟಿನ ಒಂದು ಹನಿಯೂ ಸೋರಿರಲಿಲ್ಲ.

"ಇದನ್ನ ಮಾಡಿದವನು ಕೆಲಸ ಬಲ್ಲವನು," ಅಂದ.

ಆಕೆ ಆರೂ ತಂತಿಗಳನ್ನು ಒಮ್ಮೆ ಮೀಟಿದಳು. ನಾದ ಅಂಗಡಿಯಲ್ಲಿ ತುಂಬಿಕೊಂಡು, ನಿಧಾನವಾಗಿ ಕರಗಿತು. ಮೊಳೆ ಕೊಳ್ಳುವಾಗಲೂ ಚೌಕಾಸಿ ಮಾಡುವ ಮನುಷ್ಯ ಕೇಳಿದಷ್ಟೂ ತೆಗೆದು ಕೊಟ್ಟ. ಆಕೆ ಹೊಸ ತಂತಿಯ ಪೊಟ್ಟಣವೊಂದನ್ನು ಚೀಲಕ್ಕೆ ಹಾಕಿದಳು.

"ಮಗಳಿಗೆ ಹೇಳಿ, ಈ ತಂತಿ ಹಾಕ್ಕೊಳ್ಳಲಿ."

"ಮಗಳಿಗೆ ಅಂತ ನಾನು ಹೇಳಲೇ ಇಲ್ಲವಲ್ಲ?"

"ಬೆರಳು ನೆನಪಿಟ್ಕೊಂಡಿದೀರಲ್ಲ," ಅಂದಳು ಆಕೆ.

ಭಾನುವಾರ ಎರಡು ಬಸ್ಸು ಬದಲಿಸಿ, ಗಿಟಾರನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೋದ. ಮಗಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಮೂರನೇ ಮಹಡಿಯಲ್ಲಿ ಒಂದೇ ಕೋಣೆಯ ಮನೆ. ಬಾಗಿಲು ತೆಗೆದವಳು ಮೊದಲು ಅವನ ಮುಖ, ಆಮೇಲೆ ಕೈಲಿದ್ದ ಚೀಲ ನೋಡಿದಳು.

"ಬನ್ನಿ. ಕೂತ್ಕೊಳ್ಳಿ. ನೀರು ಕುಡೀತೀರಾ?"

ಚಿಕ್ಕವಳಿದ್ದಾಗ "ಅಪ್ಪ, ನೀನು ಬಾರೋ" ಎಂದು ಮೈಮೇಲೆ ಹತ್ತುತ್ತಿದ್ದ ಹುಡುಗಿ. ಚಿಕ್ಕಮ್ಮನ ಮನೆಗೆ ಹೋದಮೇಲೆ ಬಹುವಚನ ಕಲಿತಿದ್ದಳು. ನೋಡಿದವರು ಎಂಥ ಮರ್ಯಾದಸ್ಥೆ ಎನ್ನುತ್ತಿದ್ದರು. ಮೇಸ್ತ್ರಿಗೆ ಆ ಒಂದೊಂದು "ನೀವು" ಕೂಡ ಕೆನ್ನೆಗೆ ಹೊಡೆದಂತಿರುತ್ತಿತ್ತು.

ಅವನು ಗಿಟಾರ್ ಹೊರತೆಗೆದು ಮಂಚದ ಮೇಲಿಟ್ಟ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳನ್ನು ಬಿಟ್ಟು, ವ್ಯಾಪಾರಿಯ ಹಾಗೆ ಒದರತೊಡಗಿದ. ಮುಂದಿನದು ಒಂದೇ ಹಲಗೆ, ಕತ್ತು ನೇರ, ತಂತಿ ನೂಲಿಗಿಂತ ಕೆಳಗೆ, ಈ ಗಂಟು ಬರೀ ಕಣ್ಣಿಗೆ, ಸದ್ದಿಗೆ ಏನೂ ಆಗಲ್ಲ.

ಮಗಳು ಅದನ್ನೆತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಎಡಗೈ ತಾನಾಗಿಯೇ ಜಾಗ ಹುಡುಕಿತು. ತಂತಿ ಒತ್ತಿದಳು. ಬಲಗೈ ಮೇಲೆದ್ದು ಅಲ್ಲೇ ನಿಂತಿತು. ಅವಳ ಕತ್ತು ಬಾಗಿಲ ಕಡೆ ಹೊರಳಿತು.

"ಆಗಲ್ಲ," ಅಂದಳು. "ತಂತಿ ಮೀಟಬೇಕು ಅಂದ್ರೆ ಹಿಂದಿನಿಂದ ಯಾರೋ ಬರ್ತಿದಾರೆ ಅನ್ಸುತ್ತೆ. ಚಿಕ್ಕಮ್ಮನ ಮನೇಲಿ ಒಂದು ವರ್ಷ ಪ್ರಯತ್ನಪಟ್ಟೆ. ಬಾಗಿಲಿಗೆ ಚಿಲಕ ಹಾಕ್ಕೊಂಡೂ ನೋಡಿದೆ. ಆಮೇಲೆ ಬಿಟ್ಬಿಟ್ಟೆ."

"ನಂದು ತಪ್ಪಾಯ್ತು ಪುಟ್ಟಿ." ಹನ್ನೆರಡು ವರ್ಷ ತಡವಾಗಿ, ನೆಲ ನೋಡುತ್ತಾ ಅಂದ. "ಬಾಗಿಲಿನ ಅಳತೆ ತಪ್ಪಿದ್ದು ನಾನು. ನೀನೇನೂ ಮಾಡಿರಲಿಲ್ಲ."

"ಗೊತ್ತಪ್ಪ. ಆವತ್ತೇ ಗೊತ್ತಿತ್ತು." ದನಿಯಲ್ಲಿ ಕೋಪವಿರಲಿಲ್ಲ. "ನಿಮ್ಮ ಮೇಲೆ ನಂಗೆ ದ್ವೇಷ ಇಲ್ಲ. ಆದ್ರೆ ಅದು ವಾಪಸ್ ಬರಲ್ಲ. ಒಳ್ಳೇ ಗಿಟಾರ್ ಇದು, ಸುಮ್ನೆ ಮೂಲೇಲಿ ಇಡೋಕೆ ನಂಗೆ ಮನಸ್ಸಿಲ್ಲ. ನುಡಿಸೋರ ಕೈಗೆ ಸೇರಲಿ. ತಗೊಂಡೋಗಿ."

ಊಟಕ್ಕೆ ಎಬ್ಬಿಸಿದಳು, ಬಡಿಸಿದಳು, ಬಸ್ ನಿಲ್ದಾಣದವರೆಗೆ ಬಂದು ಕಿಟಕಿಯಿಂದ ನೀರಿನ ಬಾಟಲಿ ಕೊಟ್ಟಳು. ಕೊರತೆ ಅನ್ನುವಂಥದ್ದು ಒಂದೂ ಇರಲಿಲ್ಲ. ಪಕ್ಕದ ಸೀಟಿನವನು ಚೀಲ ನೋಡಿ, "ನೀವು ನುಡಿಸ್ತೀರಾ?" ಎಂದು ಕೇಳಿದ. ಮೇಸ್ತ್ರಿ ಇಲ್ಲವೆಂದು ತಲೆಯಾಡಿಸಿ, ಕಿಟಕಿಗೆ ಮುಖ ತಿರುಗಿಸಿದ.

ಅವನು ವಾಪಸ್ ತಂದುಕೊಟ್ಟ ಗಿಟಾರನ್ನು ಅಂಗಡಿಯಾಕೆ ಮಾರಾಟಕ್ಕೆಂದು ಮತ್ತೆ ಗೋಡೆಗೆ ತೂಗುಹಾಕಿದಳು. ಮೇಸ್ತ್ರಿ ವಾರಕ್ಕೆರಡು ಸಲ ಆ ದಾರಿಯಲ್ಲಿ ಹಾದುಹೋಗಿ, ಗಾಜಿನಾಚೆ ಅದು ಇದೆಯೇ ಎಂದು ನೋಡುತ್ತಿದ್ದ. ನಾಲ್ಕನೇ ವಾರ ಮೊಳೆ ಖಾಲಿಯಿತ್ತು. ಒಳಗೆ ಹೋದ.

"ನಿವೃತ್ತಿ ಆದ ಡ್ರೈವರ್ ಒಬ್ರು ತಗೊಂಡ್ರು," ಎಂದಳು ಆಕೆ. "ಈಗ ತಾನೇ ಕಲೀತಿದಾರೆ. ಒಂದೇ ಸಾಲನ್ನ ಇಡೀ ದಿನ ನುಡಿಸ್ತಾರಂತೆ. ಹೆಂಡತಿ ಕಿವಿಗೆ ಹತ್ತಿ ಇಟ್ಕೊಂಡು ಸುಮ್ನಿರ್ತಾರಂತೆ."

ಮೇಸ್ತ್ರಿ ನಗಲು ಹೋದ. ಬಾಯಿ ಸೊಟ್ಟಗಾಯಿತು. ಪಕ್ಕದ ಸ್ಟೂಲಿನ ಮೇಲೆ ಕುಸಿದು, ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತ. ಹೆಂಡತಿ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಅಂಗಡಿಯಾಕೆ ಎದ್ದುಹೋಗಿ ಷಟರನ್ನು ಅರ್ಧ ಇಳಿಸಿದಳು, ಬೀದಿಯವರಿಗೆ ಕಾಣದಿರಲಿ ಎಂದು.

ಈಗ ಮಗಳು ತಿಂಗಳಿಗೊಮ್ಮೆ ಫೋನ್ ಮಾಡುತ್ತಾಳೆ. ಮಾತ್ರೆ ತಗೊಂಡ್ರಾ, ಮಂಡಿ ನೋವು ಹೇಗಿದೆ ಅಂತ ಕೇಳುತ್ತಾಳೆ. ಅವನು ಹೇಳುತ್ತಾನೆ. ಆಮೇಲೆ ಆ ಕಡೆಯ ಉಸಿರು ಕೇಳಿಸುತ್ತದೆ. ಫೋನನ್ನು ಅವಳೇ ಇಡಲಿ ಎಂದು ಅವನು ಕಾಯುತ್ತಾನೆ.