ಹಿತ್ತಲಲ್ಲಿ ಕೇಳಿದ ಪ್ರಶ್ನೆ

ದೇಹದ ಕೆಲವು ಭಾಗಗಳ ಹೆಸರು ಕನ್ನಡದಲ್ಲಿ ಬಾಯಿಗೆ ಬಂದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಸಂಸ್ಕೃತದಲ್ಲಿ ಹೇಳಿದರೆ ಶಾಸ್ತ್ರ, ಇಂಗ್ಲಿಷಿನಲ್ಲಿ ಹೇಳಿದರೆ ವಿಜ್ಞಾನ, ಕನ್ನಡದಲ್ಲಿ ಹೇಳಿದರೆ ಬೈಗುಳ. ನಮ್ಮ ಪಂಡಿತರೆಲ್ಲ ಮರ್ಯಾದೆ ಉಳಿಸಿಕೊಂಡದ್ದೇ ಹೀಗೆ. ಇಷ್ಟು ನಾಚಿಕೆಯ ನಾನು ತೊಂಬತ್ತರ ದಶಕದಲ್ಲಿ ಮೈಸೂರಿಗೆ ಹೋಗಿ ಪದವಿಗೆ ಆರಿಸಿಕೊಂಡ ವಿಷಯ ಜಾಗತಿಕ ಸಾರ್ವಜನಿಕ ಆರೋಗ್ಯ. ಹೆಸರೇನೋ ಗಂಭೀರವಾಗಿದೆ. ಒಳಗೆ ಇಳಿದರೆ ಬರೀ ಭೇದಿ, ಹೆರಿಗೆ, ಕಕ್ಕಸು.

ಚಿನಕುರಳಿಯ ನಮ್ಮ ಮನೆಯಲ್ಲಿ ಇದನ್ನು ವಿವರಿಸುವ ಧೈರ್ಯ ನನಗಿರಲಿಲ್ಲ. ರಜೆಗೆ ಬಂದಾಗ ಒಮ್ಮೆ ತಾತ ಬಿಡದೆ ಕೇಳಿದರೆಂದು ಒಂದು ಪಾಠದ ಸಾರಾಂಶ ಹೇಳಿದ್ದೆ. ಅದೇ ತಪ್ಪಾಯಿತು. ಬೂಕನಕೆರೆಯಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದ ದಿನ, ನಾನು ಕೇಸರಿಬಾತು ಹಂಚುತ್ತಿರುವಾಗಲೇ ಗಂಡಿನ ಸೋದರಮಾವ, "ಹುಡ್ಗಿ ಏನ್ ಓದ್ತಾವ್ಳೆ?" ಅಂದರು. ಅಪ್ಪ ತಡವರಿಸಿದರು. ತಾತ ಹೆಮ್ಮೆಯಿಂದ, "ದೇಸದೇಸದ ಜನ ಬಯಲ್ಕಡೀಕೆ ಎಲ್ಗೋಯ್ತಾರೆ, ಎಂಗೋಯ್ತಾರೆ, ಅದ್ನೆಲ್ಲಾ ಓದ್ತಾವ್ಳೆ ಕಣಪ್ಪಾ" ಅಂದರು. ಗಂಡು ಎತ್ತಿದ್ದ ತುತ್ತು ಬಾಯಿಗೆ ಹೋಗದೆ ಅಲ್ಲೇ ನಿಂತಿತು. ನಾನು ತಟ್ಟೆ ಇಟ್ಟು ಹಿತ್ತಲಿಗೆ ಓಡಿದೆ.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಈ ಹಾಳು ಓದನ್ನೇ ಬಿಟ್ಟುಬಿಡೋಣ ಅಂದುಕೊಳ್ಳುತ್ತಿದ್ದೆ. ಹಿಂದೆಯೇ ಗಂಡಿನ ತಾಯಿ ಬಂದರು. ಬೈಯಲಿಕ್ಕೇ ಬಂದರು ಎಂದು ಎದ್ದು ನಿಂತೆ. ಅವರು ಅತ್ತಿತ್ತ ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡು, "ಒಳಗಿಂದು ಜಾರಿ ಈಚ್ಗೆ ಬತ್ತದೆ ಕಣವ್ವ. ಒಂದ್ಕಡೆ ಕೂರಕಾಗಕಿಲ್ಲ. ಇದ್ಕೆ ಮದ್ದು ಅದಾ?" ಅಂದರು.

ಯಾವಾಗಿನಿಂದ ಎಂದು ಕೇಳಿದೆ.

"ಈ ಮಗ ಹುಟ್ದಾಗಿಂದ."

ಆ ಮಗ ಮೀಸೆ ಹೊತ್ತು ನಡುಮನೆಯಲ್ಲಿ ಕಾಫಿ ಕುಡಿಯುತ್ತಿದ್ದ. ಗರ್ಭಕೋಶ ಜಾರುವುದರ ಬಗ್ಗೆ ಆಫ್ರಿಕಾದ ಹೆಂಗಸರ ಉದಾಹರಣೆ ಕೊಟ್ಟು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಬಂದಿದ್ದವಳು ನಾನು. ಆದರೆ ಈಗ ನೆಲ ನೋಡುತ್ತಾ, "ಆಸ್ಪತ್ರೆಗೆ ತೋರಿಸಿ" ಅಂದೆ, ಅಷ್ಟೆ. "ಗಂಡಸ್ರಿಗೆ ಅದ್ನ ಎಂಗವ್ವಾ ಯೋಳಾದು? ನೀನಾರೆ ಓದ್ದೋಳು, ವಸಿ ಜೊತೇಲಿ ಬಾ" ಅಂದರು. ಅಷ್ಟು ವರ್ಷ ಬಾಯಿಬಿಡದವರು ನನ್ನನ್ನು ನಂಬಿ ಬಾಯಿಬಿಟ್ಟಿದ್ದರು. ನನ್ನ ನಾಚಿಕೆಯ ಬಗ್ಗೆ ನನಗೇ ನಾಚಿಕೆಯಾದದ್ದು ಅದೇ ಮೊದಲು.

ಮುಂದಿನ ವಾರ ನಮ್ಮವ್ವನಿಗೆ ಮಾತ್ರ ಹೇಳಿ ಅವರ ಜೊತೆ ಕೆ.ಆರ್. ಪೇಟೆಗೆ ಹೋದೆ. ಆಸ್ಪತ್ರೆಯಲ್ಲಿದ್ದ ಡಾಕ್ಟರು ಗಂಡಸೇ. ಮೇಜಿನ ಸುತ್ತ ಜನ. ಆ ತಾಯಿ ನನ್ನ ಮೊಣಕೈ ಹಿಡಿದುಕೊಂಡು ಗೋಡೆ ನೋಡುತ್ತಿದ್ದರು. ಇಂಗ್ಲಿಷಿನಲ್ಲಿ ಹೇಳಿ ಪಾರಾಗೋಣ ಎಂದು ಏನೋ ಗೊಣಗಿದೆ. "ಏನಮ್ಮಾ? ಜೋರಾಗಿ ಹೇಳು" ಅಂದರು ಡಾಕ್ಟರು. ಕಲಿತ ಪದ ಸಮಯಕ್ಕೆ ಸರಿಯಾಗಿ ಕೈಕೊಟ್ಟಿತು. ಕಣ್ಣು ಮುಚ್ಚಿಕೊಂಡು ಆ ತಾಯಿಯ ಮಾತನ್ನೇ ಒಪ್ಪಿಸಿದೆ: "ಒಳಗಿಂದು ಜಾರಿ ಈಚ್ಗೆ ಬತ್ತದೆ ಸಾರ್, ಮಗ ಹುಟ್ದಾಗಿಂದ."

ಸುತ್ತಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಡಾಕ್ಟರು ಸುಮ್ಮನೆ ತಲೆಯಾಡಿಸಿ ನರ್ಸನ್ನು ಕರೆದರು. ಆಗ ಹಿಂದೆ ನಿಂತಿದ್ದ, ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ನನ್ನ ಭುಜ ಮುಟ್ಟಿ ಪಿಸುಗುಟ್ಟಿದಳು: "ನಂಗೂ ಅಂಗೇ ಕಣವ್ವ. ನಂದೂ ವಸಿ ಯೋಳ್ಬುಡು."

ಅವಳದನ್ನೂ ಹೇಳಿದೆ. ಗಂಡಿನ ತಾಯಿಗೆ ಮುಂದೆ ಆಪರೇಷನ್ ಆಯಿತು. ಈಗ ನೆಮ್ಮದಿಯಾಗಿ ಕೂರುತ್ತಾರೆ ಎಂದು ಸುದ್ದಿ ಬಂತು. ಓದು ಬಿಡುವ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಸಂಬಂಧ ಮಾತ್ರ ಕೂಡಲಿಲ್ಲ. ಮೂರೂ ಬಿಟ್ಟವರು ಊರಿಗೆ ದೊಡ್ಡವರು, ಹುಡುಗಿಗೆ ನಾಚಿಕೆಯೇ ಇಲ್ಲ ಅಂದರಂತೆ ಆ ಸೋದರಮಾವ. ಇಲ್ಲದೆ ಏನು? ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗಿದೆ. ಅವತ್ತು ಆಸ್ಪತ್ರೆಯಿಂದ ನನ್ನದರ ಜೊತೆಗೆ ಆ ಇಬ್ಬರು ಹೆಂಗಸರ ನಾಚಿಕೆಯನ್ನೂ ಹೊತ್ತು ಬಂದೆನಲ್ಲ, ಅದಿನ್ನೂ ನನ್ನ ಹತ್ತಿರವೇ ಇದೆ.