ಬಿಸಿಲಿಗೆ ಹಾಕಿದ ರೀಲು

ಲಂಡನ್ನಿನ ಪಿನ್ನರ್‌ನ ಆ ಫ್ಲಾಟಿಗೆ ಲಿಫ್ಟ್ ಇರಲಿಲ್ಲ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಒಳಗೆ ಹೋದರೆ ತೊಂಬತ್ತು ದಾಟಿದ ಜರ್ಮನ್ ಅಜ್ಜಿ ಲಿಪ್‌ಸ್ಟಿಕ್ ಹಚ್ಚಿಕೊಂಡು ನನಗಾಗಿ ಕಾದು ಕೂತಿರುತ್ತಿದ್ದಳು. ತೊಂಬತ್ತರ ದಶಕದ ನಡುವಿನ ಮಾತಿದು. ಅಲ್ಲಿನ ನಗರಸಭೆಯಾದ ಕೌನ್ಸಿಲ್ ಕಡೆಯಿಂದ ವಯಸ್ಸಾದವರನ್ನು ಅವರವರ ಮನೆಯಲ್ಲೇ ನೋಡಿಕೊಳ್ಳುವ ಕೆಲಸ ನನ್ನದು. ಬೇರೆ ಮನೆಗಳಲ್ಲಿ ಮಂಡಿನೋವಿನ ಕಥೆ ಕೇಳಿ ಕೇಳಿ ಸಾಕಾಗಿದ್ದ ನನಗೆ ಈ ಮನೆಯಲ್ಲಿ ಬರ್ಲಿನ್ ಸಿಗುತ್ತಿತ್ತು.

ಆಕೆ ದರ್ಜಿಯ ಮಗಳು. ಸ್ಟುಡಿಯೋಗೆ ಉಡುಪು ತಲುಪಿಸಲು ಹೋದವಳನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿದರಂತೆ. ಸಿನಿಮಾಗೆ ಇನ್ನೂ ಮಾತು ಬಂದಿರದ ಕಾಲ. ಕೆಲವೇ ವರ್ಷಗಳಲ್ಲಿ ನಾಯಕಿಯಾದಳು; ಊರ ಹುಡುಗಿಯರೆಲ್ಲ ಇವಳ ಹಾಗೆ ಹುಬ್ಬು ತೀಡಿಕೊಂಡು ತಿರುಗಿದರಂತೆ. ಮಾತು ಬಂದ ಮೇಲೆ ಇವಳ ದನಿ ಒರಟೆಂದು ಪಾತ್ರಗಳು ಕಡಿಮೆಯಾದವು. ಯಹೂದಿ ಎಂಬ ಕಾರಣಕ್ಕೆ ಕೊನೆಗೆ ಅವೂ ನಿಂತವು. ಜೀವ ಉಳಿಸಿಕೊಂಡು ಲಂಡನ್ನಿಗೆ ಬಂದದ್ದು ಮನೆಗೆಲಸದವಳಾಗಿ. ‘ಯಾರದೋ ಒಲೆಯ ಬೂದಿ ಬಳಿಯುತ್ತಾ ಯೆಸ್ ಮೇಡಂ ಅನ್ನುತ್ತಿದ್ದೆನಲ್ಲ, ನಾನು ತುಂಬಾ ಚೆನ್ನಾಗಿ ನಟಿಸಿದ ಪಾತ್ರ ಅದೇ’ ಎಂದು ನಗುತ್ತಿದ್ದಳು.

ಈ ಕಥೆಯನ್ನು ನಂಬದವನು ಒಬ್ಬನಿದ್ದ. ತೀರಿಹೋದ ಇಂಗ್ಲಿಷ್ ಗಂಡನ ಅಣ್ಣನ ಮಗ. ಚಿಕ್ಕಮ್ಮನಿಗೆ ಅರಳುಮರಳು, ತಾನು ಫಿಲ್ಮ್ ಸ್ಟಾರ್ ಅಂದುಕೊಂಡಿದ್ದಾಳೆ ಎಂದು ಕೌನ್ಸಿಲ್‌ಗೆ ಹೇಳಿಬಿಟ್ಟ. ಬುದ್ಧಿ ಸ್ಥಿಮಿತದಲ್ಲಿದೆಯೇ ಎಂದು ನೋಡಲು ಅಧಿಕಾರಿ ಬರುವವಳಿದ್ದಳು. ಇಲ್ಲ ಅಂದರೆ ಕೇರ್ ಹೋಮ್ ಎಂಬ ವೃದ್ಧಾಶ್ರಮ. ಅಜ್ಜಿಗೆ ಈ ಮನೆಯಲ್ಲೇ ಸಾಯಬೇಕಿತ್ತು. ಆಕೆಯ ಕೈಯಲ್ಲಿದ್ದ ಸಾಕ್ಷಿ ಒಂದೇ, ಮಂಚದ ಕೆಳಗಿನ ತಗಡಿನ ಡಬ್ಬಿ. ಅದರೊಳಗೆ ಆಕೆಯದೇ ಒಂದು ಸಿನಿಮಾದ ರೀಲು. ಆ ಕಾಲದ ಫಿಲ್ಮಿಗೆ ಕಾವು ತಾಗಿದರೆ ಸಾಕು, ಹತ್ತಿಕೊಳ್ಳುತ್ತದೆ, ನೀರಿಗೂ ಆರುವುದಿಲ್ಲ ಎಂದು ತಿಳಿದವರು ಹೆದರಿಸಿದ್ದರಿಂದ ಅದನ್ನು ಯಾವತ್ತೂ ತೆರೆದಿರಲಿಲ್ಲ.

ಆ ಬೇಸಿಗೆ ಧಾರವಾಡದಿಂದ ನಮ್ಮ ಅತ್ತೆ ಬಂದಿದ್ದರು. ಕಿಂಗ್ಸ್‌ಬರಿಯ ನಮ್ಮ ಮನೆಯಲ್ಲಿ ಒಬ್ಬರೇ ಕೂತು ಅವರಿಗೆ ಹುಚ್ಚು ಹಿಡಿಯುವ ಹಾಗಾಗಿತ್ತು. ಕರೆದುಕೊಂಡು ಬಾ ಎಂದು ಅಜ್ಜಿಯೇ ಅಂದಳು. ಒಬ್ಬರ ಮಾತು ಒಬ್ಬರಿಗೆ ಬಾರದು. ಆದರೂ ಅಜ್ಜಿ ಹುಬ್ಬು ಏರಿಸಿದರೆ ಅತ್ತೆಗೆ ಚಹಾ ಬೇಕೋ ಕಿಟಕಿ ಮುಚ್ಚಬೇಕೋ ತಿಳಿಯುತ್ತಿತ್ತು. ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಅಧಿಕಾರಿ ಬರುವ ದಿನ ಸುಡುಸುಡು ಬಿಸಿಲು. ಅಜ್ಜಿ ಡಬ್ಬಿಯನ್ನು ಮೇಜಿನ ಮೇಲೆ ಇಡಿಸಿಕೊಂಡು ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು. ನಾನು ಔಷಧಿ ತರಲು ಹೋಗಿ ಬಂದು ನೋಡಿದರೆ ಡಬ್ಬಿಯ ಬಾಯಿ ತೆರೆದಿತ್ತು. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಹಗ್ಗದ ಮೇಲೆ, ಕ್ಲಿಪ್ಪು ಸಿಕ್ಕಿಸಿಕೊಂಡು, ಫಿಲ್ಮು ಜೋತಾಡುತ್ತಿತ್ತು.

“ಅತ್ತಿ! ಏನ್ ಮಾಡೀರಿ ಇದು?”

“ಯಾಕವಾ ಹಿಂಗ ಚೀರತಿ? ಮುಗ್ಗ ವಾಸನಿ ಬರಾಕತ್ತಿತ್ತು. ಒಂದೀಟು ಬಿಸಲು ತೋರಿಸಿದೆ.”

ಟ್ರಂಕಿನ ರೇಷ್ಮೆ ಸೀರೆಗೂ, ತೊಗರಿಬೇಳೆಗೂ, ಹಾಸಿಗೆಗೂ ನಮ್ಮ ಕಡೆ ಒಂದೇ ಮದ್ದು. ಅದು ಅವರ ತಪ್ಪಲ್ಲ. ಆದರೆ ಕೆಳಗಿನ ತೋಟದಲ್ಲಿ ಪಕ್ಕದ ಮನೆಯವನು ಬಾರ್ಬೆಕ್ಯೂಗೆ ಇದ್ದಿಲು ಹೊತ್ತಿಸುತ್ತಿದ್ದ. ಸಣ್ಣ ಕಿಡಿಗಳು ಹೊಗೆಯ ಜೊತೆ ಮೇಲೇಳುತ್ತಿದ್ದವು. ಜಗ್ಗಿದರೆ ಫಿಲ್ಮು ಹಪ್ಪಳದ ಹಾಗೆ ಮುರಿಯುತ್ತಿತ್ತು, ಬಿಟ್ಟರೆ ಮನೆಯೇ ಹೋಗಬಹುದಿತ್ತು. ಉಸಿರು ಬಿಗಿಹಿಡಿದು ಒಂದೊಂದೇ ಕ್ಲಿಪ್ಪು ಬಿಡಿಸುತ್ತಿದ್ದೆ. ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು.

ಅಧಿಕಾರಿಯ ಎದುರು ಮೇಜಿನ ಮೇಲೆ ನಾವು ಇಟ್ಟದ್ದು ಬಿಡಿಸುವಾಗ ಮುರಿದ ಒಂದಷ್ಟು ತುಂಡುಗಳನ್ನು. ಡಬ್ಬಿಯೊಳಗೆ ಉಳಿದಿದ್ದದ್ದು ಅಂಟಿಕೊಂಡ ಕಂದು ಮುದ್ದೆ. ಆಕೆ ಒಂದು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬಾಗಿಲಲ್ಲಿ ನಿಂತು ಹಿಂತಿರುಗಿ ನೋಡುತ್ತಿರುವ ಎಳೆ ಹುಡುಗಿ.

“ಇದು ಯಾರು ಬೇಕಾದರೂ ಆಗಿರಬಹುದಲ್ಲವೇ?” ಎಂದು ಮೆಲ್ಲಗೆ ಕೇಳಿದಳು.

ಅಜ್ಜಿ ಗದ್ದ ಕೊಂಚ ಎತ್ತಿದಳು. ಎಡಹುಬ್ಬು ನಿಧಾನವಾಗಿ ಮೇಲೆ ಹೋಯಿತು, ಕಣ್ಣು ತುಂಬಿತು, ತುಟಿ ಇನ್ನೇನು ಬಿರಿಯಬೇಕು ಎನ್ನುವಲ್ಲಿ ನಿಂತಿತು. ಅಧಿಕಾರಿ ಫಿಲ್ಮನ್ನು ನೋಡಿದಳು, ಮುಖವನ್ನು ನೋಡಿದಳು, ಮತ್ತೆ ಫಿಲ್ಮನ್ನು ನೋಡಿದಳು.

“ಅಕಿನ ಅದಾಳಲ್ಲ,” ಎಂದರು ಅತ್ತೆ, ಯಾರೂ ಕೇಳದಿದ್ದರೂ.

“ಮನೆ ಬಿಟ್ಟು ಹೋಗುವ ದೃಶ್ಯ,” ಎಂದಳು ಅಜ್ಜಿ, ಕಣ್ಣೊರೆಸಿಕೊಂಡು. “ಶುದ್ಧ ಸುಳ್ಳು. ತಿರುಗಿ ನೋಡು ಎಂದು ನಿರ್ದೇಶಕ ಕಿರುಚುತ್ತಿದ್ದ. ನಿಜವಾಗಿ ಬರ್ಲಿನ್ ಬಿಟ್ಟಾಗ ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಕಾಲು ಏಳುತ್ತಿರಲಿಲ್ಲ.”

ಬುದ್ಧಿ ನೆಟ್ಟಗಿದೆ ಎಂದು ಅಧಿಕಾರಿ ಹೇಳಿಹೋದಳು. ನಾವು ಮೂವರೂ ಹಬ್ಬದ ಹಾಗೆ ಚಹಾ ಕುಡಿದೆವು. ಗೆದ್ದೆವು ಎಂದುಕೊಂಡೆ.

ಬುದ್ಧಿಯ ಜೊತೆ ಮೆಟ್ಟಿಲೂ ಇತ್ತು ಎನ್ನುವುದನ್ನು ನಾನು ಮರೆತಿದ್ದೆ. ಎಲೆ ಉದುರುವ ಹೊತ್ತಿಗೆ ಅಜ್ಜಿ ಆ ಮೆಟ್ಟಿಲ ಮೇಲೇ ಜಾರಿ ಬಿದ್ದಳು. ಸೊಂಟದ ಆಪರೇಷನ್ ಆದ ಮೇಲೆ ಯಾರೂ ಒತ್ತಾಯಿಸಬೇಕಾಗಲಿಲ್ಲ, ಕೇರ್ ಹೋಮಿಗೆ ತಾನೇ ಹೂಂ ಅಂದಳು. ಅದೇ ನನಗೆ ತಡೆಯಲಾಗದೆ ಹೋಯಿತು.

ಹೊರಡುವ ದಿನ ಲಿಪ್‌ಸ್ಟಿಕ್ ಹಚ್ಚಿಸಿಕೊಂಡಳು. ನಾನೂ ಅತ್ತೆಯೂ ಎರಡು ಕಡೆ ಹಿಡಿದು ಇಳಿಸಿದೆವು. ಗಂಡನ ಅಣ್ಣನ ಮಗ ಕಾರಿನ ಬಾಗಿಲು ತೆರೆದು ನಿಂತಿದ್ದ. ನೆಟ್ಟಗೆ ಮುಂದೆ ನೋಡುತ್ತಾ ಗೇಟಿನ ತನಕ ಚೆನ್ನಾಗಿಯೇ ನಡೆದಳು. ಅಲ್ಲಿ ನಿಂತಳು. ತಿರುಗಿ ಮೇಲಿನ ಬಾಲ್ಕನಿಯತ್ತ ನೋಡಿದಳು. ಹುಬ್ಬು ಏರಲಿಲ್ಲ, ಕಣ್ಣು ತುಂಬಲಿಲ್ಲ, ಮುಖದಲ್ಲಿ ಏನೂ ಇರಲಿಲ್ಲ.

“ನಡೀರಿ ಅಜ್ಜಿ,” ಎಂದರು ಅತ್ತೆ ಕನ್ನಡದಲ್ಲೇ.

ಆಕೆಯ ಕಾಲು ಏಳಲಿಲ್ಲ. ಅಲ್ಲಿಂದ ಕಾರಿನ ತನಕ ನಾವಿಬ್ಬರೂ ಆಕೆಯನ್ನು ಎತ್ತಿಕೊಂಡೇ ಹೋದೆವು.